ಕೊನೆಯ ಹಾಡು ಯಾರ ಪಾಲಿಗೆ

ಪೆಟ್ಟಿಗೆಯಕ್ಕ ದೇವರ ಸನ್ನಿಧಿಯಲ್ಲೇ ಕೂತು ವಾರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದಳು. ಅಡುಗೆಮನೆಯಲ್ಲಿ ಪಟ್ಟಿದ್ದರೆ ಹೋಗಲಿ ಅನ್ನಬಹುದಿತ್ತು, ಬಟ್ಟೆ ಒಣಹಾಕುವ ಮಹಡಿಯಲ್ಲಿ ಪಟ್ಟಿದ್ದರೂ ಹೋಗಲಿ ಅನ್ನಬಹುದಿತ್ತು. ಅವಳು ಪಡುತ್ತಿದ್ದದ್ದು ಚರ್ಚಿನೊಳಗೆ, ಶಿಲುಬೆಯ ಕೆಳಗೆ, ಎರಡೂ ಕಾಲಲ್ಲಿ ತಿದಿ ಒತ್ತುತ್ತ, ಎರಡೂ ಕೈಯಲ್ಲಿ ಕೀರ್ತನೆ ನುಡಿಸುತ್ತ. ಕೈಕಾಲು ಕರ್ತನ ಕೆಲಸದಲ್ಲಿ. ಮನಸ್ಸು ಮಾತ್ರ ರಸ್ತೆಯ ಆಚೆ ಬದಿಯಲ್ಲಿ.

ಅವಳು ನುಡಿಸುತ್ತಿದ್ದದ್ದು ಚರ್ಚಿನಷ್ಟೇ ಹಳೆಯದಾದ ಒಂದು ಕಾಲು ಆರ್ಗನ್. ಎಲ್ಲರೂ ಅದನ್ನು ಪೆಟ್ಟಿಗೆ ಅನ್ನುತ್ತಿದ್ದರು, ಅವಳನ್ನು ಪೆಟ್ಟಿಗೆಯಕ್ಕ ಅನ್ನುತ್ತಿದ್ದರು. ಅದರ ತಿದಿಯ ಚರ್ಮ ಸವೆದು, ತೇಪೆಯ ಮೇಲೆ ತೇಪೆ ಬಿದ್ದು, ಉದ್ದನೆಯ ಸಾಲು ಬಂದರೆ ನಡುವೆ ಉಸಿರು ಕಟ್ಟುತ್ತಿತ್ತು. ಆಗ ಅವಳು ಒಂದು ಕ್ಷಣ ಕೈ ತಡೆದು, ಕಾಲನ್ನು ಜೋರಾಗಿ ಒತ್ತಿ, ಗಾಳಿ ತುಂಬಿಸಿಕೊಂಡು ಮುಂದುವರಿಯುತ್ತಿದ್ದಳು. ಸಭೆಯೂ ಅವಳ ಜೊತೆ ನಿಂತು, ಅವಳ ಜೊತೆ ಹೊರಡುತ್ತಿತ್ತು. ಪೆಟ್ಟಿಗೆಯ ಮುಂದೆ ಕೂತರೆ ಬೆನ್ನು ಸಭೆಯ ಕಡೆಗಿರುತ್ತದೆ. ಅದಕ್ಕೇ ಕಣ್ಣೆತ್ತರಕ್ಕೆ ಒಂದು ಪುಟ್ಟ ಕನ್ನಡಿ ಜಡಿದಿದ್ದರು, ಬೋಧಕರು ಕೈ ಎತ್ತಿದ್ದು ಕಾಣಲಿ ಎಂದು. ಆ ಕನ್ನಡಿಯಲ್ಲಿ ಬೋಧಕರು ಕಾಣುವುದಕ್ಕಿಂತ ಹೆಚ್ಚಾಗಿ ಖಾಲಿ ಬೆಂಚುಗಳೇ ಕಾಣುತ್ತಿದ್ದವು ಈಚೆಗೆ.

ಖಾಲಿ ಮಾಡಿ ಹೋದವರೆಲ್ಲ ಎದುರು ಬದಿಯ ಹೊಸ ಸಭೆಯಲ್ಲಿದ್ದರು. ಹಿಂದೆ ಅಲ್ಲಿ ಸೋಫಾ, ಮಂಚ ಮಾರುತ್ತಿದ್ದರು. ಗಾಜಿನ ಬಾಗಿಲು ಇನ್ನೂ ಅದೇ; ಒಳಗೆ ಮಾತ್ರ ಕಪ್ಪು ಬಳಿದ ಗೋಡೆ, ನೀಲಿ ಕೆಂಪು ದೀಪ, ಡ್ರಮ್ಮು, ಗಿಟಾರು, ಗೋಡೆಯಗಲದ ಪರದೆ, ಹಾಡು ಏರುವ ಹೊತ್ತಿಗೆ ಸರಿಯಾಗಿ ಹೊಗೆ ಬಿಡುವ ಒಂದು ಯಂತ್ರ. ಆ ಹೊಗೆಯ ನಡುವೆ ಮೈಕು ಹಿಡಿದು ನಿಲ್ಲುತ್ತಿದ್ದವಳು ಪೆಟ್ಟಿಗೆಯಕ್ಕನ ಮೈದುನನ ಹೆಂಡತಿ. ಮನೆಯಲ್ಲಿ ಅವಳಿಗೆ ಚಿಕ್ಕವಳು ಎಂದೇ ಹೆಸರು.

ಈ ಚಿಕ್ಕವಳು ಮದುವೆಯಾಗಿ ಬಂದಾಗ ಸ್ವರಕ್ಕೂ ಅವಳಿಗೂ ಎಣ್ಣೆ ಸೀಗೆಕಾಯಿ. ಕೂರಿಸಿಕೊಂಡು ಕಲಿಸಿದವಳು ಪೆಟ್ಟಿಗೆಯಕ್ಕ. ಎಲ್ಲಿ ಉಸಿರು ತಗೋಬೇಕು, ಎಲ್ಲಿ ಬಾಯಿ ಅಗಲಿಸಬೇಕು, ಎಲ್ಲಿ ದನಿ ಇಳಿಸಿದರೆ ಹಿಂದಿನ ಬೆಂಚಿನವರು ಕಣ್ಣೊರೆಸಿಕೊಳ್ಳುತ್ತಾರೆ, ಎಲ್ಲ ಹೇಳಿಕೊಟ್ಟಿದ್ದಳು. ಈಗ ಆ ಹುಡುಗಿಯ ಹಾಡು ಊರವರ ಫೋನಿನಲ್ಲಿ. ಪೆಟ್ಟಿಗೆಯಕ್ಕನ ಸ್ವಂತ ಮಗಳೇ ಪಾತ್ರೆ ತೊಳೆಯುತ್ತ ಚಿಕ್ಕಮ್ಮನ ಹಾಡು ಗುನುಗುತ್ತಿದ್ದಳು.

"ನಮ್ಮ ಕೀರ್ತನೆ ಯಾವುದೂ ಬಾಯಿಗೆ ಬರಲ್ವೇನೆ?" ಎಂದರೆ, "ಬರತ್ತಮ್ಮ, ಆದ್ರೆ ನಿದ್ದೆ ಬರತ್ತೆ" ಎಂದು ನಗುತ್ತಿದ್ದಳು.

ಮಗಳ ಮಾತನ್ನು ನುಂಗಬಹುದಿತ್ತು. ನುಂಗಲಾಗದ್ದು ಬೇರೆ. ಒಂದು ಭಾನುವಾರ ಹಿರಿಯ ಅಯ್ಯನವರು ತಮ್ಮ ಮನೆಯ ಕಿಟಕಿಯಲ್ಲಿ ನಿಂತಿದ್ದನ್ನು ಅವಳು ನೋಡಿದ್ದಳು. ಅಯ್ಯನವರು ಆ ಚರ್ಚಿನ ನಿವೃತ್ತ ಬೋಧಕರು. ಅವಳಿಗೆ ದೀಕ್ಷಾಸ್ನಾನ ಕೊಟ್ಟವರು, ಮದುವೆ ಮಾಡಿಸಿದವರು. ಆ ದಿನ ಎದುರಿನ ಗಾಜಿನ ಬಾಗಿಲಿನಿಂದ ಚಿಕ್ಕವಳ ದನಿ ಬರುತ್ತಿತ್ತು. ಮುದುಕರು ಕಣ್ಣು ಮುಚ್ಚಿ, ಕಿಟಕಿಯ ಸರಳಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಪೆಟ್ಟಿಗೆಯಕ್ಕನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ತನ್ನ ವಾದನಕ್ಕೆ ಅವರು ಎಂದಾದರೂ ತಾಳ ಹಾಕಿದ್ದುಂಟೆ? ನೆನಪಿಗೆ ಬರಲಿಲ್ಲ. ಬೆನ್ನು ಹಾಕಿ ಕೂತವಳಿಗೆ ಕಾಣುವುದಾದರೂ ಹೇಗೆ?

ಸಭೆ ಒಡೆದದ್ದು ಒಂದು ಡ್ರಮ್ಮಿಗಾಗಿ ಎನ್ನುವವರಿದ್ದರು, ಸಮಿತಿಯ ಕುರ್ಚಿಗಾಗಿ ಎನ್ನುವವರೂ ಇದ್ದರು. ಒಡೆದ ಮೇಲೆ ಹಳೆಯ ಸಭೆಯ ಹಿರಿಯರು ಗೇಟಿಗೆ ಒಂದು ಬೋರ್ಡು ಹಾಕಿಸಿದರು: 'ಇದೇ ಮೂಲ ಸಭೆ. ನಮಗೆ ಬೇರೆಲ್ಲೂ ಶಾಖೆಗಳಿಲ್ಲ.' ಮರುವಾರವೇ ಎದುರಿನವರು ಅದಕ್ಕಿಂತ ದೊಡ್ಡದು ಹಾಕಿದರು: 'ಜೀವವಿರುವ ಸಭೆ.' ಇವರು ಗಂಟೆ ಬಾರಿಸಿದರೆ ಅವರು ಪೊಲೀಸ್ ಠಾಣೆಗೆ ಹೋದರು. ಅವರು ಡ್ರಮ್ಮು ಬಾರಿಸಿದರೆ ಇವರು ಹೋದರು. ಪೇದೆ ಎರಡೂ ಕಡೆಯವರನ್ನು ಒಂದೇ ಬೆಂಚಿನಲ್ಲಿ ಕೂರಿಸಿ, "ನಿಮ್ಮಿಂದಾಗಿ ನಮ್ಮ ಠಾಣೆಯಲ್ಲೇ ಒಂದು ಸಭೆ ಆಗ್ತಿದೆ" ಎಂದನಂತೆ.

ಇದನ್ನೆಲ್ಲ ಕೂತಲ್ಲಿಂದಲೇ ನೋಡುತ್ತಿದ್ದವನು ಕತ್ತರಿಯಣ್ಣ. ಎರಡು ಸಭೆಗಳ ನಡುವಿನ ಮೂಲೆಯಲ್ಲಿ ಅವನ ಕ್ಷೌರದಂಗಡಿ. ಅವನು ಯಾವ ಸಭೆಗೂ ಸೇರಿದವನಲ್ಲ. ಆದರೆ ಅವನ ಹೆಂಡತಿ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದಾಗ ಅಯ್ಯನವರು ತಪ್ಪದೆ ಹೋಗಿ ಹಾಸಿಗೆಯ ಪಕ್ಕ ಕೂತು ಬರುತ್ತಿದ್ದರು. ಮತದ ಮಾತು ಒಂದೂ ಎತ್ತಿರಲಿಲ್ಲ. ಅಂದಿನಿಂದ ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು ಹೋಗುವುದು ಅವನ ರೂಢಿ.

"ನಿಮ್ಮ ದೇವರು ನನಗೆ ಗೊತ್ತಿಲ್ಲ ಅಕ್ಕಾ," ಎನ್ನುತ್ತಿದ್ದ. "ನಿಮ್ಮ ಅಯ್ಯನೋರು ಗೊತ್ತು. ಅವರು ಇದ್ದಾನೆ ಅಂದ ಮೇಲೆ ಇದ್ದರೂ ಇರಬಹುದು."

ಬೋರ್ಡುಗಳು ಎದ್ದ ಮೇಲೆ ಅವನೇ ಅಯ್ಯನವರ ಗಡ್ಡ ಕೆರೆಯುತ್ತ ಕೇಳಿದನಂತೆ: "ಅಯ್ಯನೋರೆ, ಒಬ್ಬರಿಗೆ ಶಾಖೆ ಇಲ್ಲ, ಇನ್ನೊಬ್ಬರಿಗೆ ಜೀವ ಇದೆ. ನಾನು ಎಲ್ಲಿಗೆ ಹೋಗಲಿ?" ಅಯ್ಯನವರು ಎಷ್ಟು ನಕ್ಕರೆಂದರೆ ಅವನು ಕತ್ತಿ ಎತ್ತಿ ಹಿಡಿಯಬೇಕಾಯಿತು. ನಗು ನಿಂತ ಮೇಲೂ ಅವರ ಕಣ್ಣಿಂದ ನೀರು ಇಳಿಯುತ್ತಲೇ ಇತ್ತಂತೆ.

ಆ ಅಯ್ಯನವರು ತೀರಿಕೊಂಡರು. ಮಧ್ಯಾಹ್ನ ಊಟ ಮುಗಿಸಿ ಕುರ್ಚಿಯಲ್ಲಿ ಒರಗಿದವರು ಮತ್ತೆ ಏಳಲಿಲ್ಲ.

ದೇಹ ಇನ್ನೂ ಮನೆಯಲ್ಲಿರುವಾಗಲೇ ಹಜಾರದಲ್ಲಿ ಜಗಳ ಹತ್ತಿತು. ಅಯ್ಯನವರು ನಮ್ಮವರು ಎಂದರು ಮೂಲ ಸಭೆಯ ಹಿರಿಯರು. ನಮ್ಮ ಹಾಡಿಗೆ ಕಿಟಕಿಯಲ್ಲಿ ನಿಲ್ಲುತ್ತಿದ್ದರು, ಮನಸ್ಸಿನಿಂದ ನಮ್ಮವರೇ ಎಂದ ಹೊಸ ಸಭೆಯ ಬೋಧಕ. ಪ್ರಾರ್ಥನೆಯ ಕ್ರಮವನ್ನು ಅಚ್ಚು ಹಾಕಿಸೋಣವೆಂದರೆ ಹಾಳೆಯ ತಲೆಯ ಮೇಲೆ ಯಾವ ಸಭೆಯ ಹೆಸರು ಬರಬೇಕೆಂಬುದೇ ಇತ್ಯರ್ಥವಾಗಲಿಲ್ಲ. ಪೆಟ್ಟಿಗೆಯಕ್ಕ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದಳು. ಚಿಕ್ಕವಳು ದೊಡ್ಡಮ್ಮನ ಕೈ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಅಯ್ಯನವರ ಹೆಂಡತಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡಮ್ಮ ಎಂದು.

'ಕೂತಿದ್ದಾಳೆ ನೋಡು, ಹೆತ್ತ ಮಗಳ ಹಾಗೆ,' ಎಂದುಕೊಂಡಳು ಪೆಟ್ಟಿಗೆಯಕ್ಕ.

"ಸಾಕು ಮಾಡಿ," ಎಂದರು ದೊಡ್ಡಮ್ಮ. "ಹಾಳೆ ಬೇಡ, ಏನೂ ಬೇಡ. ಹಳೇ ಚರ್ಚಲ್ಲೇ ಆಗಲಿ. ಹಾಡಿನ ನಂಬರು ಯಾವಾಗಲೂ ಹಾಕೋ ಹಾಗೆ ಬೋರ್ಡಿನಲ್ಲಿ ಹಾಕಿ. ಮೊದಲ ಹಾಡುಗಳೆಲ್ಲ ಪೆಟ್ಟಿಗೆಯವಳದು. ಕೊನೆಗೆ ಆ ಮನೆ ಕಾಣೋ ಹಾಡಿದೆಯಲ್ಲ, ಅದನ್ನ ಮಾತ್ರ ಚಿಕ್ಕವಳು ಹೇಳಲಿ, ಅವಳ ಕಡೆಯವರ ಜೊತೆ."

ಪೆಟ್ಟಿಗೆಯಕ್ಕನ ಕೆನ್ನೆಗೆ ಹೊಡೆದಂತಾಯಿತು. ಮಸಣಕ್ಕೆ ಹೊರಡುವ ಮುನ್ನ ಹಾಡುವ ಆ ಹಾಡು ಅವಳದು. ಸಭೆಯಲ್ಲಿ ಸತ್ತವರನ್ನೆಲ್ಲ ಆ ಹಾಡಿನಿಂದ ಕಳಿಸಿಕೊಟ್ಟವಳು ಅವಳು. ತನ್ನ ತಂದೆಯನ್ನು, ತಾಯಿಯನ್ನು, ಮಾವನವರನ್ನು.

"ದೊಡ್ಡಮ್ಮ, ಅದು ಪೆಟ್ಟಿಗೆ ಹಾಡು," ಎಂದಳು, ದನಿಯನ್ನು ಆದಷ್ಟು ಮೆತ್ತಗೆ ಮಾಡಿ.

"ಗೊತ್ತಮ್ಮ. ಆದರೂ ಅವಳ ಗಂಟಲು ಅಂದರೆ ಅವರಿಗೆ ಇಷ್ಟ ಇತ್ತು."

ಚಿಕ್ಕವಳು ತಲೆ ಎತ್ತಿ ಅವಳನ್ನು ನೋಡಿದಳು. ಆ ನೋಟದಲ್ಲಿ ಗೆಲುವಿತ್ತೋ, ದುಃಖವಿತ್ತೋ; ಪೆಟ್ಟಿಗೆಯಕ್ಕನಿಗೆ ಕಂಡದ್ದು ಗೆಲುವು ಮಾತ್ರ.

ಹೊರಡುವಾಗ ಇನ್ನೊಂದು ಮಾತಾಯಿತು. ಹೊಸ ಸಭೆಯವರು ಬೇರೆಯಾದ ಮೇಲೆ ತಮ್ಮದೇ ಕೀರ್ತನೆ ಪುಸ್ತಕ ಅಚ್ಚು ಹಾಕಿಸಿದ್ದರು. ಹಾಡುಗಳು ಬಹುಪಾಲು ಅವೇ, ನಂಬರು ಬೇರೆ. ಅವರಲ್ಲಿ ಎಲ್ಲವೂ ಕಂಪ್ಯೂಟರಿನಲ್ಲಿ. ನಂಬರು ಒತ್ತಿದರೆ ಸಾಕು, ಪರದೆಯ ಮೇಲೆ ಸಾಲು, ಸ್ಪೀಕರಿನಲ್ಲಿ ಡ್ರಮ್ಮು. ಒತ್ತುವವನು ಚಿಕ್ಕವಳ ಗಂಡ.

"ಅತ್ತಿಗೆ, ಕೊನೇ ಹಾಡಿಗೆ ನಮ್ಮ ಪುಸ್ತಕದ ನಂಬರು ಹಾಕಿ," ಎಂದು ಆ ಮೈದುನ ಹೇಳಿದ. "ನಿಮ್ಮದು ಹಾಕಿದರೆ ಕಂಪ್ಯೂಟರು ಇನ್ನೇನೋ ಹಾಡಿಸಿಬಿಡತ್ತೆ. ನಾನಂತೂ ಬೋರ್ಡು ನೋಡೋದು, ಒತ್ತೋದು. ಅಷ್ಟೇ ನನ್ನ ಸುವಾರ್ತೆ."

"ಹಾಕ್ತೀನಿ," ಎಂದಳು ಪೆಟ್ಟಿಗೆಯಕ್ಕ.

ಸಂಜೆ ಅವಳು ಒಬ್ಬಳೇ ಚರ್ಚಿನಲ್ಲಿ ಬೋರ್ಡಿನ ಮುಂದೆ ನಿಂತಳು. ಮರದ ಬೋರ್ಡು, ಅದರಲ್ಲಿ ಸಾಲು ಮೊಳೆ, ಕೆಳಗಿನ ಡಬ್ಬಿಯಲ್ಲಿ ತಗಡಿನ ಅಂಕಿಗಳು. ಮನೆ ಕಾಣುವ ಹಾಡು ಹಳೆಯ ಪುಸ್ತಕದಲ್ಲಿ ಎಪ್ಪತ್ನಾಲ್ಕು. ಹೊಸ ಪುಸ್ತಕದಲ್ಲಿ ಎಪ್ಪತ್ನಾಲ್ಕು ಯಾವುದು ಎಂಬುದೂ ಅವಳಿಗೆ ಗೊತ್ತಿತ್ತು. ಹೊಟ್ಟೆಕಿಚ್ಚಿನವರು ಎದುರಾಳಿಯ ಪುಸ್ತಕವನ್ನು ಓದಿದಷ್ಟು ಶ್ರದ್ಧೆಯಿಂದ ಭಕ್ತರು ತಮ್ಮದನ್ನು ಓದುವುದಿಲ್ಲ. ಅಲ್ಲಿ ಅದು ಮದುವೆಯ ಹಾಡು.

ಕೈ ತಗಡುಗಳ ಮೇಲೆ ಆಡಿತು. ಕೊಕ್ಕೆ ಮುರಿದ ಒಂದು ಏಳು ಇತ್ತು. ಅದನ್ನು ಓರೆ ಮಾಡಿ ಸಿಕ್ಕಿಸುವ ಚಮತ್ಕಾರ ಅವಳಿಗೆ ಮಾತ್ರ ಬರುತ್ತಿತ್ತು. ಸಿಕ್ಕಿಸಿದಳು. ಪಕ್ಕದಲ್ಲಿ ನಾಲ್ಕು. 'ರೂಢಿಯಿಂದ ಕೈ ತಪ್ಪಿತು ಅಂದರಾಯಿತು,' ಎಂದು ತನಗೆ ತಾನೇ ಹೇಳಿಕೊಂಡು, ಶಿಲುಬೆಯ ಕಡೆ ನೋಡದೆ ಬಾಗಿಲು ಎಳೆದುಕೊಂಡಳು.

ಮರುದಿನ ಚರ್ಚು ಕಿಕ್ಕಿರಿದಿತ್ತು. ಚಿಕ್ಕವಳ ಕಡೆಯವರು ಬೆಳಿಗ್ಗೆಯೇ ತಮ್ಮ ಕಂಪ್ಯೂಟರು, ಸ್ಪೀಕರು, ಒಂದು ಪರದೆ ತಂದು ಜೋಡಿಸಿದ್ದರು. ಸಭೆಯವರಿಗಿಂತ ಹೊರಗಿನವರೇ ಹೆಚ್ಚು. ರೊಟ್ಟಿ ಅಂಗಡಿಯವರು, ಶಾಲೆಯ ಮೇಡಂಗಳು, ಆಸ್ಪತ್ರೆಯ ಆಯಾಗಳು, ಠಾಣೆಯ ಆ ಪೇದೆ ಕೂಡ ಟೋಪಿ ಕಂಕುಳಲ್ಲಿಟ್ಟುಕೊಂಡು ಬಂದಿದ್ದ. ಕತ್ತರಿಯಣ್ಣ ಅಂಗಡಿ ಮುಚ್ಚಿ, ತೊಳೆದ ಅಂಗಿ ತೊಟ್ಟು, ಮೊದಲ ಸಲ ಮುಂದಿನ ಬೆಂಚಿನಲ್ಲಿ ಕೂತಿದ್ದ. ಬೆಳಿಗ್ಗೆ ಅಯ್ಯನವರಿಗೆ ಕೊನೆಯ ಕ್ಷೌರ ಮಾಡಿದವನು ಅವನೇ. ಅಷ್ಟು ಜನ ಅಷ್ಟು ಗೌರವದಿಂದ ಕೂತಿದ್ದನ್ನು ಆ ಗೋಡೆಗಳು ನೋಡಿ ಎಷ್ಟೋ ಕಾಲವಾಗಿತ್ತು.

ಪ್ರಾರ್ಥನೆ ಮುಗಿಯಿತು. ಕೊನೆಯ ಹಾಡಿನ ಹೊತ್ತು. ಹಾಡನ್ನು ಬಾಯಲ್ಲಿ ಹೇಳಿ ಪರಿಚಯಿಸುವ ಪದ್ಧತಿ ಅಯ್ಯನವರಿಗೆ ಹಿಡಿಸುತ್ತಿರಲಿಲ್ಲ. ಎಲ್ಲರೂ ಬೋರ್ಡು ನೋಡಿಕೊಳ್ಳಬೇಕು. ಕನ್ನಡಿಯಲ್ಲಿ ಪೆಟ್ಟಿಗೆಯಕ್ಕ ನೋಡುತ್ತಿದ್ದಳು. ಚಿಕ್ಕವಳು ಬಿಳಿ ಸೀರೆಯುಟ್ಟು ಮೈಕಿನ ಮುಂದೆ ಬಂದಳು. ಮೈದುನ ಬೋರ್ಡು ನೋಡಿದ, ಒತ್ತಿದ.

ಡಂ ಡಡಂ ಎಂದು ಡ್ರಮ್ಮು ಎದ್ದಿತು. ಪರದೆಯ ಮೇಲೆ ಹೂವಿನ ಚಿತ್ರ ಅರಳಿತು.

ಚಿಕ್ಕವಳ ಮುಖ ಒಂದು ಕ್ಷಣ ಬಿಳಿಚಿತು. ಆಮೇಲೆ, ದೇವರೇ, ಅವಳು ಹಾಡಿಯೇಬಿಟ್ಟಳು: "ಬಂದರು ಬಂದರು ವಧುವರರು, ಹರಸಲು ಬಾ ಕಾನಾ ಊರ ಮದುವೆಗೆ ಬಂದ ಕರ್ತನೇ!"

ಶವದ ಪೆಟ್ಟಿಗೆಯ ಮುಂದೆ.

ಪೆಟ್ಟಿಗೆಯಕ್ಕ ಅದನ್ನೇ ಕಾಯುತ್ತಿದ್ದಳು. ತಕ್ಷಣ ಕಾಲು ಒತ್ತಿ, ಸದ್ದಿನ ಗುಬುಟುಗಳನ್ನೆಲ್ಲ ಎಳೆದು, ಮನೆ ಕಾಣುವ ಹಾಡನ್ನು ಜೋರಾಗಿ ಎತ್ತಿದಳು. ತಪ್ಪು ಯಾರದು, ಸರಿ ಯಾರದು, ಎಲ್ಲರೂ ಕೇಳಲಿ. ಮೂಲ ಸಭೆಯವರು ಅವಳ ಬೆನ್ನಿಗೆ ನಿಂತು ದನಿಯೇರಿಸಿದರು. ಹೊಸ ಸಭೆಯವರು ಸುಮ್ಮನಿದ್ದಾರೆಯೇ? ಚಪ್ಪಾಳೆ ಹಾಕಿ ತಮ್ಮದನ್ನು ಹಿಡಿದರು. ಒಂದು ಕಡೆ ದಣಿದ ಪಯಣಿಗ ಮನೆ ಸೇರುತ್ತಿದ್ದಾನೆ, ಇನ್ನೊಂದು ಕಡೆ ಮದುಮಗಳು ಬರುತ್ತಿದ್ದಾಳೆ. ಹಿರಿಯರೊಬ್ಬರು ಹೊಸ ಬೋಧಕನ ತೋಳು ಹಿಡಿದು, "ನಿಲ್ಲಿಸ್ರಿ ಅದನ್ನ!" ಎಂದರು. "ನೀವು ನಿಲ್ಲಿಸಿ!" ಎಂದು ಅವನು ಕೊಸರಿಕೊಂಡ. ನಡುವೆ ಅಯ್ಯನವರು ಕೈಜೋಡಿಸಿ ಮಲಗಿದ್ದರು.

ಮೊದಲು ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಶಾಲೆಯ ಮೇಡಂಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಪೇದೆ ತಲೆ ತಗ್ಗಿಸಿ ಭುಜ ಕುಲುಕಿಸಿದ. ಪೆಟ್ಟಿಗೆಯಕ್ಕ ಕನ್ನಡಿಯಲ್ಲಿ ಹುಡುಕಿದ್ದು ಚಿಕ್ಕವಳ ಅವಮಾನವನ್ನು. ಕಂಡದ್ದು ಕತ್ತರಿಯಣ್ಣನ ಮುಖ. ಅವನು ನಗುತ್ತಿರಲಿಲ್ಲ. ಎದ್ದು ನಿಂತಿದ್ದ. ಪಕ್ಕದ ರೊಟ್ಟಿ ಅಂಗಡಿಯವನಿಗೆ ಏನೋ ಹೇಳಿದ. ಹಾಡು ಹಾಡಿಗೆ ಡಿಕ್ಕಿ ಹೊಡೆದ ಸಂದಿಯಲ್ಲಿ ಆ ಮಾತು ಅವಳ ಕಿವಿಗೂ ಬಿತ್ತು.

"ನಡಿ ಹೋಗೋಣ. ಅಯ್ಯನೋರ ಜೊತೆ ಇವರ ದೇವರೂ ಹೋದ ಹಾಗಿದೆ."

ಅವಳ ಕಾಲು ನಿಂತಿತು. ತಿದಿ ಒಂದು ನಿಟ್ಟುಸಿರು ಬಿಟ್ಟು ಕುಸಿಯಿತು. ಪೆಟ್ಟಿಗೆ ಸತ್ತಿತು. ಆಸರೆ ತಪ್ಪಿದ ಮೂಲ ಸಭೆಯವರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಅದೇ ಹೊತ್ತಿಗೆ ಚಿಕ್ಕವಳು ಬಗ್ಗಿ ಸ್ಪೀಕರಿನ ತಂತಿಯನ್ನು ಕಿತ್ತಳು. ಡ್ರಮ್ಮು ಅರ್ಧಕ್ಕೆ ನಿಂತಿತು. ಪರದೆಯ ಮೇಲೆ ಹೂಗಳು ಮಾತ್ರ ಸದ್ದಿಲ್ಲದೆ ಅರಳುತ್ತಿದ್ದವು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. 'ಕರ್ತನೇ, ನಾನು ಅವಳನ್ನ ಹೊಡೆಯೋಕೆ ಹೋಗಿ ನಿನ್ನನ್ನ ಹೊಡೆದೆ,' ಎಂದುಕೊಂಡಳು ಪೆಟ್ಟಿಗೆಯಕ್ಕ. ಬೆರಳುಗಳು ಪೆಟ್ಟಿಗೆಯ ಸ್ವರದ ಮನೆಗಳ ಮೇಲೆ ಬಿದ್ದಲ್ಲೇ ಬಿದ್ದಿದ್ದವು.

ಆಗ ಮೈಕಿಲ್ಲದ ಒಂದು ದನಿ ಎದ್ದಿತು. ನಡುಗುತ್ತಿತ್ತು, ಆದರೂ ಎದ್ದಿತು.

"ನಡೆದು ದಣಿದೆ ತಂದೆಯೇ, ಮನೆ ಕಾಣುತಿದೆ,
ಬಾಗಿಲಲ್ಲಿ ದೀಪ ಹಿಡಿದು ನೀ ನಿಂತಿರುವೆ,
ಕಾಲ ಧೂಳು ತೊಳೆವ ಕೈ..."

ಚಿಕ್ಕವಳು ನಿಲ್ಲಿಸಿದಳು. ಒಂದು ಉಸಿರಿನಷ್ಟು. ಪುಸ್ತಕದಲ್ಲಿ ಅಲ್ಲಿ ನಿಲುಗಡೆ ಇಲ್ಲ. ಹೊಸ ಪುಸ್ತಕದಲ್ಲೂ ಇಲ್ಲ, ಹಳೆಯದರಲ್ಲೂ ಇಲ್ಲ. ತಿದಿಯಲ್ಲಿ ಗಾಳಿ ಮುಗಿಯುವ ಜಾಗ ಅದು. ಹೊಲಿದು ಹೊಲಿದು ಸೋತ ಚರ್ಮಕ್ಕಾಗಿ ಪೆಟ್ಟಿಗೆಯಕ್ಕ ಕೈ ತಡೆಯುತ್ತಿದ್ದ ಜಾಗ. ಪೆಟ್ಟಿಗೆ ಸುಮ್ಮನೆ ಕುಸಿದು ಬಿದ್ದಿರುವಾಗಲೂ ಆ ಹುಡುಗಿ ಅದರ ಉಸಿರಿಗಾಗಿ ಕಾದಳು.

ಪೆಟ್ಟಿಗೆಯಕ್ಕನ ಕಾಲು ತಾನಾಗಿ ಕೆಳಗಿಳಿಯಿತು. ಗಾಳಿ ತುಂಬಿತು. "ನಿನ್ನದಲ್ಲವೆ?" ಎಂಬಲ್ಲಿ ಸ್ವರ ಬಂದು ಸೇರಿತು, ಬಹಳ ಮೆಲ್ಲಗೆ, ಹಾಡುವವಳ ದನಿಯ ಕೆಳಗೆ. ಅಂದು ಅವಳು ಮೊದಲ ಸಲ ಜೊತೆಗೆ ಮಾತ್ರ ನುಡಿಸಿದಳು. ಕಣ್ಣು ಮಂಜಾಗಿ ಕನ್ನಡಿ ಕಾಣಲಿಲ್ಲ. ಕತ್ತರಿಯಣ್ಣ ಕೂತನೋ ಹೋದನೋ ತಿಳಿಯಲಿಲ್ಲ.

ಮಣ್ಣು ಮುಗಿದ ಮೇಲೆ ಮಸಣದ ನಲ್ಲಿಯ ಹತ್ತಿರ ವಾರಗಿತ್ತಿಯರಿಬ್ಬರೂ ಕೈ ತೊಳೆಯಲು ನಿಂತರು.

"ಅಕ್ಕಾ, ನಂಬರು ನೀವೇ ಹಾಕಿದ್ದಲ್ವಾ?"

ರೂಢಿಯಿಂದ ಕೈ ತಪ್ಪಿತು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. "ಹೌದು," ಎಂದಳು. "ಬೇಕಂತಲೇ ಹಾಕಿದೆ."

"ಗೊತ್ತು. ಆ ಮುರುಕು ಏಳನ್ನ ಹಾಗೆ ನೇತುಹಾಕೋಕೆ ಇನ್ಯಾರಿಗೆ ಬರತ್ತೆ?" ಚಿಕ್ಕವಳು ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. "ಮೊದಲ ಡ್ರಮ್ಮಿಗೇ ನನಗೂ ಗೊತ್ತಾಯ್ತು ಅಕ್ಕಾ. ಆಗಲೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ನೀವು ಗೆದ್ದ ಹಾಗಾಗತ್ತೆ ಅಂತ ಹಾಡಿದೆ."

"ಸತ್ತವರ ಮುಂದೆ?"

"ಹೂಂ. ಸತ್ತವರ ಮುಂದೆ." ಅವಳು ಒದ್ದೆ ಕೈಯಿಂದ ಮೂಗು ಒರೆಸಿಕೊಂಡಳು. "ನನಗೂ ನಿಮ್ಮ ಮೇಲೆ ಇದೆ ಅಕ್ಕಾ, ಹೊಟ್ಟೆಕಿಚ್ಚು. ನಾನು ಎಷ್ಟು ಹೊಗೆ ಬಿಟ್ಟುಕೊಂಡು ಹಾಡಿದರೂ ಜನ ಅನ್ನೋದು, ಅವಳಕ್ಕ ಕಲಿಸಿದ್ದು ಅಂತ."

ಪೆಟ್ಟಿಗೆಯಕ್ಕನಿಗೆ ನಗು ಬಂತು, ಅಳುವೂ ಬಂತು. ತನ್ನ ಸೆರಗಿನ ತುದಿಯನ್ನು ಮುಂದೆ ಚಾಚಿದಳು. "ತಗೋ, ಮುಖ ಒರೆಸ್ಕೋ. ನೋಡೋಕಾಗಲ್ಲ."

ಭಾನುವಾರ ಕೊನೆಯ ಬೆಂಚು ಖಾಲಿಯಿತ್ತು. ಅದರ ಮುಂದಿನ ಭಾನುವಾರವೂ. ಬೀದಿಯಲ್ಲಿ ಶವದ ಮುಂದೆ ಮದುವೆ ಹಾಡು ಹಾಡಿದ ಕಥೆ ಬಾಯಿಂದ ಬಾಯಿಗೆ ಓಡಾಡಿ, ಪ್ರತಿ ಬಾಯಲ್ಲೂ ಸ್ವಲ್ಪ ಉದ್ದವಾಗುತ್ತಿತ್ತು. ಗೇಟಿನ ಬೋರ್ಡು, ಎದುರಿನ ಬೋರ್ಡು ಎರಡೂ ಇದ್ದಲ್ಲೇ ಇದ್ದವು.

ಒಂದು ಮಧ್ಯಾಹ್ನ ಪೆಟ್ಟಿಗೆಯಕ್ಕ ತಿದಿ ಬಿಚ್ಚಿಕೊಂಡು, ಹೊಸ ಚರ್ಮ, ಅಂಟು, ದಬ್ಬಣ ಹರಡಿಕೊಂಡು ಚರ್ಚಿನ ನೆಲದ ಮೇಲೆ ಕೂತಿದ್ದಳು. ಎದುರಿಗೆ ಚಿಕ್ಕವಳು ಚರ್ಮದ ತುದಿಯನ್ನು ಎಳೆದು ಹಿಡಿದಿದ್ದಳು.

"ಪೂರ್ತಿ ಹೊಲೀಬೇಡಿ ಅಕ್ಕಾ. ಆ ನಿಲ್ಲೋ ಜಾಗ ಹೋಗಿಬಿಡತ್ತೆ."

"ಗಾಳಿ ಸೋರಲಿ ಅಂತೀಯಾ?"

"ಸ್ವಲ್ಪ ಸೋರಲಿ," ಎಂದು ಚಿಕ್ಕವಳು ಆ ಸಾಲನ್ನು ಬಾಯಲ್ಲೇ ಗುನುಗಿದಳು. ಎಷ್ಟು ಚೆನ್ನಾಗಿ ಗುನುಗಿದಳೆಂದರೆ, ಪೆಟ್ಟಿಗೆಯಕ್ಕನ ಹೊಟ್ಟೆಯೊಳಗೆ ಆ ಹಳೆಯ ಕೆಂಡ ಮತ್ತೆ ಚುರ್ ಎಂದಿತು. 'ಇನ್ನೂ ಇದ್ದೀಯಾ?' ಎಂದು ಅದನ್ನು ಕೇಳಿದಳು. ಕರ್ತನಿಗೂ ಹೇಳಿದಳು, ಇದು ಇನ್ನೂ ಇದೆ, ನೀನೇ ನೋಡಿಕೋ ಎಂದು. ಮತ್ತೆ ದಬ್ಬಣ ಚುಚ್ಚಿದಳು.

ಬಾಗಿಲಲ್ಲಿ ನೆರಳು ಬಿತ್ತು. ಕತ್ತರಿಯಣ್ಣ. ಹೆಗಲ ಮೇಲೆ ಅಂಗಡಿಯ ಟವೆಲ್ಲು.

"ಇಬ್ಬರೂ ಒಂದೇ ಕಡೆ ಕೂತಿದ್ದೀರಿ," ಎಂದ. "ಇದು ಯಾವ ಸಭೆದು ಹೊಸ ಜಗಳ?"

"ತಿದಿ ಹರಿದಿದೆ ಅಣ್ಣ," ಎಂದಳು ಪೆಟ್ಟಿಗೆಯಕ್ಕ. ಅವನ ಮುಖವನ್ನು ನೇರ ನೋಡಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಅವತ್ತಿನದು ನನ್ನ ಕೆಲಸ. ದೇವರದಲ್ಲ. ಒಳಗೆ ಬಾ, ಕೂತ್ಕೋ."

"ಅಂಗಡಿ ತೆರೆದಿದೆ ಅಕ್ಕಾ."

ಎಂದವನು ಹೋಗಲೂ ಇಲ್ಲ, ಒಳಗೆ ಬರಲೂ ಇಲ್ಲ. ಹೊಸ್ತಿಲಿಗೆ ಒರಗಿ ನಿಂತು, ವಾರಗಿತ್ತಿಯರಿಬ್ಬರು ಒಂದು ಚರ್ಮವನ್ನು ಎರಡು ಕಡೆಯಿಂದ ಎಳೆದು ಹೊಲಿಯುವುದನ್ನು ನೋಡುತ್ತಿದ್ದ.